ಕ್ಷಯಾಣುವಿನ ಎರಡು ದಂಡೆ

ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಬಿದ್ದುದು 1945ನೆಯ ಇಸವಿಯ ಫೆಬ್ರವರಿ 28ರಂದು. ಬಿದ್ದ ಕಲ್ಲುಗಳು ಮಾತ್ರ ಎರಡು. ಬಲದಂಡೆಯಲ್ಲಿ, ಹೊಸಪೇಟೆಯ ಕಡೆ, ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಒಂದನ್ನು ಇಟ್ಟರು. ಎಡದಂಡೆಯಲ್ಲಿ, ಮುನಿರಾಬಾದಿನ ಕಡೆ, ಹೈದರಾಬಾದು ಸಂಸ್ಥಾನದ ಪರವಾಗಿ ಬೇರಾರಿನ ಯುವರಾಜರು ಇನ್ನೊಂದನ್ನು ಇಟ್ಟರು. ನದಿ ಒಂದು, ಕಟ್ಟೆ ಒಂದು, ಕಟ್ಟುವ ಸರಕಾರಗಳು ಎರಡು. ಒಬ್ಬೊಬ್ಬರು ತಂತಮ್ಮ ದಂಡೆಯಿಂದ ಕಟ್ಟುತ್ತ ಬಂದು ನಡುಹೊಳೆಯಲ್ಲಿ ಸಂಧಿಸಬೇಕೆಂಬುದು ಏರ್ಪಾಟು. 1953ರಲ್ಲಿ ಎಡದಂಡೆಯ ಕಾಲುವೆಗೆ ನೀರು ಹರಿದು, ಅಲ್ಲಿಯವರೆಗೆ ಬಿಳಿಜೋಳ ಸಜ್ಜೆಗಳನ್ನಷ್ಟೇ ಬಲ್ಲ ಗಂಗಾವತಿಯ ಕಡೆಯ ಎರೆಭೂಮಿ ಕೆಲವೇ ವರ್ಷಗಳಲ್ಲಿ ನೆಲ್ಲಿನ ಕೆಸರುಗದ್ದೆಯಾಯಿತು. ಗದ್ದೆಯ ಹಿಂದೆ ಎಮ್ಮೆ ಬಂದಿತು, ಎಮ್ಮೆಯ ಹಿಂದೆ ಹಾಲಿನ ವ್ಯಾಪಾರ ಬಂದಿತು. ಇಂದಿಗೂ ಮುನಿರಾಬಾದಿನ ಕಾಲುವೆಯ ಏರಿಯ ಮೇಲೆ ಸಂಜೆಯ ಹೊತ್ತು ನಿಂತವನಿಗೆ, ಕೊರಳಮಟ್ಟ ನೀರಿನಲ್ಲಿ ಮುಳುಗಿ ಮೆಲುಕಾಡುವ ಎಮ್ಮೆಗಳು, ಅದೇ ನೀರಿನಲ್ಲಿ ಬಟ್ಟೆ ಒಗೆಯುವ ಹೆಂಗಸರು, ಅದೇ ಕೆಸರಿನಲ್ಲಿ ಮಂಡಿಯುದ್ದ ಇಳಿದು ಸಸಿ ನೆಡುವ ಕೂಲಿಯಾಳುಗಳು ಒಂದೇ ನೋಟದಲ್ಲಿ ಕಾಣಸಿಗುತ್ತಾರೆ.

ಈ ನೋಟದೊಳಗೆ ಕಣ್ಣಿಗೆ ಕಾಣದ ಒಂದು ಕುಲವುಂಟು. ಮೈಕೊಬ್ಯಾಕ್ಟೀರಿಯಾ ಎಂಬ ಆ ಕುಲದಲ್ಲಿ ಮನುಷ್ಯನ ಪುಪ್ಪುಸವನ್ನು ಕೊರೆಯುವ ಕ್ಷಯಾಣುವಿದೆ, ದನದ ಕ್ಷಯಾಣುವಿದೆ, ಕುಷ್ಠದ ಅಣುವಿದೆ, ಕುರಿ ದನಗಳ ಕರುಳನ್ನು ಹಿಡಿದು ಭೇದಿಯಿಂದ ಸೊರಗಿಸುವ ಜೋನ್ಸ್ ರೋಗದ ಅಣುವಿದೆ. ಇವರೆಲ್ಲರ ದಾಯಾದಿಗಳಾಗಿ, ಯಾರಿಗೂ ವಿಶೇಷ ಕೇಡು ಬಗೆಯದೆ ಮಣ್ಣು, ಕೆಸರು, ಹುಲ್ಲು, ನಲ್ಲಿಯ ನೀರುಗಳಲ್ಲಿ ಬದುಕಿರುವ ನೂರಾರು ಜಾತಿಗಳೂ ಇವೆ. ಮೈಯೆಲ್ಲ ಮೇಣದ ಕವಚವನ್ನು ತೊಟ್ಟಿರುವುದು ಈ ವಂಶದ ಲಕ್ಷಣ. ಗಾಜಿನ ಮೇಲೆ ಹಚ್ಚಿ, ಕೆಂಪು ಬಣ್ಣವನ್ನು ಸುರಿದು, ಕೆಳಗಿನಿಂದ ಕಾವು ಕೊಟ್ಟು, ಆಮೇಲೆ ಆಮ್ಲದಿಂದ ತೊಳೆದರೆ ಉಳಿದ ಅಣುಗಳೆಲ್ಲ ಬಣ್ಣಗೆಡುತ್ತವೆ. ಇವು ಮಾತ್ರ ಕೆಂಪಾಗಿಯೇ ಉಳಿಯುತ್ತವೆ. ಕೆಂಪು ಕಡ್ಡಿ ಕಂಡಿತೆಂದಾಕ್ಷಣ ಅದು ಯಾವ ಮನೆಯ ಮಗನೆಂದು ಹೇಳುವುದು ಆ ಪರೀಕ್ಷೆಗೆ ಸಾಧ್ಯವಿಲ್ಲ. ಮುಂದಿನ ನೂರು ವರ್ಷಗಳ ಗೊಂದಲಕ್ಕೆಲ್ಲ ಬೀಜ ಈ ಒಂದು ಮಾತಿನಲ್ಲಿದೆ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಮಹಾಶಯನು ಕ್ಷಯದ ಕಾರಣವನ್ನು ಜಗತ್ತಿನ ಮುಂದಿಟ್ಟಾಗ ಮನುಷ್ಯನ ಕ್ಷಯವೂ ದನದ ಕ್ಷಯವೂ ಒಂದೇ ಎಂಬುದೇ ಸಾಮಾನ್ಯ ತಿಳಿವಳಿಕೆಯಾಗಿದ್ದಿತು. ಹದಿನಾರು ವರ್ಷಗಳ ತರುವಾಯ ಅಮೆರಿಕೆಯ ಥಿಯೊಬಾಲ್ಡ್ ಸ್ಮಿತ್ ಎರಡು ಅಣುಗಳಿಗೂ ಸ್ವಭಾವಭೇದವುಂಟೆಂದು ತೋರಿಸಿದನು. ಭೇದವುಂಟೆಂಬ ಈ ಎಚ್ಚರಿಕೆಯ ಮಾತನ್ನು ಕಾಖ್ ಸಂಬಂಧವೇ ಇಲ್ಲವೆಂಬ ಘೋಷಣೆಯಾಗಿ ಹಿಗ್ಗಿಸಿದನು. 1901ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ನೆರೆದ ಕ್ಷಯ ಸಮ್ಮೇಳನದ ವೇದಿಕೆಯಿಂದ ಅವನು ಹೇಳಿದುದರ ಸಾರಾಂಶ ಇಷ್ಟು: ದನದ ಕ್ಷಯ ಮನುಷ್ಯನಿಗೆ ಅಂಟುವುದು ಅತ್ಯಂತ ವಿರಳ, ಆದುದರಿಂದ ಹಾಲು ಮಾಂಸಗಳ ವಿಷಯದಲ್ಲಿ ವಿಶೇಷ ನಿರ್ಬಂಧ ಅನವಶ್ಯಕ. ಕ್ಷಯಶಾಸ್ತ್ರದ ಪಿತಾಮಹನೇ ಹೀಗೆಂದ ಮೇಲೆ ಸಭೆ ದಿಗ್ಭ್ರಾಂತವಾಯಿತು. ವಂದನೆ ಸಲ್ಲಿಸಲು ಎದ್ದ ಲಾರ್ಡ್ ಲಿಸ್ಟರ್, ವಂದನೆಯೊಡನೆಯೇ ತನ್ನ ಸಂದೇಹವನ್ನೂ ವಿನಯದಿಂದ, ಆದರೆ ಸ್ಪಷ್ಟವಾಗಿ ಸಲ್ಲಿಸಿದನು. ಫ್ರಾನ್ಸಿನ ಪಶುವೈದ್ಯ ನೊಕಾರ್ ಸಹ ಒಪ್ಪಲಿಲ್ಲ. ಒಂದೇ ಹೊಳೆಯ ನಡುವೆ ಗೆರೆ ಎಳೆದವರಲ್ಲಿ ಕಾಖ್ ಮೊದಲಿಗನಲ್ಲ, ಕೊನೆಯವನೂ ಅಲ್ಲ. ಆದರೆ ಅಷ್ಟು ದೊಡ್ಡ ಕೈ ಎಳೆದ ಗೆರೆಯನ್ನು ಅಳಿಸಲು ಹತ್ತು ವರ್ಷ ಹಿಡಿಯಿತು.

ಆ ಅಳಿಸುವ ಕಾರ್ಯಕ್ಕೆಂದು ಬ್ರಿಟಿಷ್ ಸರಕಾರ ಅದೇ ವರ್ಷ ಒಂದು ರಾಜಾಯೋಗವನ್ನು ನೇಮಿಸಿತು. ಆಯೋಗಗಳು ಸಾಮಾನ್ಯವಾಗಿ ಸಾಕ್ಷಿಗಳನ್ನು ಕರೆದು, ಚಹಾ ಕುಡಿದು, ಗ್ರಂಥಗಾತ್ರದ ವರದಿಯನ್ನು ಬರೆದು ಚದುರುವುದು ವಾಡಿಕೆ. ಈ ಆಯೋಗ ಹಾಗೆ ಮಾಡದೆ, ಎಸೆಕ್ಸ್ ಪ್ರಾಂತದ ಸ್ಟಾನ್‌ಸ್ಟೆಡ್ ಎಂಬಲ್ಲಿ ಜಮೀನ್ದಾರನೊಬ್ಬನು ಬಿಟ್ಟುಕೊಟ್ಟ ತೋಟದಮನೆಗಳಲ್ಲಿ ಕೊಟ್ಟಿಗೆಗಳನ್ನು ಕಟ್ಟಿ, ಕರುಗಳನ್ನೂ ಮೊಲ ಗಿನಿಯಿಲಿಗಳನ್ನೂ ಸಾಕಿ, ರೋಗಿಗಳಿಂದ ತೆಗೆದ ಅಣುವನ್ನು ಕರುವಿಗೂ ಹಸುವಿನಿಂದ ತೆಗೆದ ಅಣುವನ್ನು ಇತರ ಪ್ರಾಣಿಗಳಿಗೂ ಚುಚ್ಚಿ, ವರ್ಷಗಟ್ಟಲೆ ಕಾದು ನೋಡಿತು. 1911ರ ಅಂತಿಮ ವರದಿ ಹೇಳಿದುದು ಇದು: ದನದ ಅಣು ಮನುಷ್ಯನಿಗೆ ತಗುಲುತ್ತದೆ, ವಿಶೇಷವಾಗಿ ಹಾಲು ಕುಡಿಯುವ ಮಕ್ಕಳಿಗೆ, ಕತ್ತಿನ ಗಂಟುಗಳಲ್ಲಿಯೂ ಹೊಟ್ಟೆಯಲ್ಲಿಯೂ ಕಾಣಿಸಿಕೊಳ್ಳುವ ಕ್ಷಯದ ದೊಡ್ಡ ಪಾಲು ಕೆಚ್ಚಲಿನಿಂದ ಬಂದದ್ದು. ವರದಿಯನ್ನು ಓದಲು ಕಾಖ್ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು.

ಇದರಿಂದ ಪಾಶ್ಚಾತ್ಯ ದೇಶಗಳಲ್ಲಿ ಆದ ಪರಿಣಾಮವನ್ನು ಬೇಗ ಹೇಳಿ ಮುಗಿಸಬಹುದು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1892ರಲ್ಲಿಯೇ, ಕ್ಷಯಾಣುವಿನಿಂದ ತಯಾರಾದ ಟ್ಯುಬರ್ಕ್ಯುಲಿನ್ ಚುಚ್ಚಿ ನೋಡಿ, ರೋಗದ ದನಗಳನ್ನು ಬೇರೆ ಕಟ್ಟುವ ಕ್ರಮವನ್ನು ಹಾಕಿಕೊಟ್ಟಿದ್ದನು. ಅಮೆರಿಕೆ 1917ರಿಂದ ಪರೀಕ್ಷಿಸಿ ಕೊಲ್ಲುವ ಪದ್ಧತಿಯನ್ನು ಹಿಡಿಯಿತು. ಬ್ರಿಟನ್ನಿನಲ್ಲಿ ಅದೇ ಮಾರ್ಗ 1960ರ ಹೊತ್ತಿಗೆ ದೇಶವ್ಯಾಪಿಯಾಯಿತು. ನಡುವೆ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣ ಮನೆಮಾತಾಯಿತು. ಹಸಿ ಹಾಲು ಕುಡಿಯುವ ಜನ ಹಾಲು ಕಾಯಿಸುವುದನ್ನು ಕಲಿಯಲು ಒಂದು ಆಯೋಗ, ಕಾಯಿದೆಗಳು, ಕಾರ್ಖಾನೆಗಳು ಬೇಕಾದುವು.

ಭಾರತದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಪುಣೆಯಲ್ಲಿ 1889ರಲ್ಲಿ ಹುಟ್ಟಿ 1893ರಲ್ಲಿ ಕುಮಾವೂನಿನ ಮುಕ್ತೇಶ್ವರದ ಬೆಟ್ಟಕ್ಕೆ ಏರಿದ ಸಾಮ್ರಾಜ್ಯ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡಮ್ಮನ ಬೇನೆಯದೇ ಚಿಂತೆ. ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಆ ರೋಗದ ಮುಂದೆ, ವರ್ಷಗಟ್ಟಲೆ ಸದ್ದಿಲ್ಲದೆ ಸೊರಗಿಸುವ ದನದ ಕ್ಷಯವನ್ನು ಕೇಳುವವರಾರು? ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 1925ರಲ್ಲಿ ತೆರೆದ ಸೀರಂ ಸಂಸ್ಥೆಯ ಉದ್ದೇಶವೂ ಅದೇ ಬೇನೆಯ ನಿವಾರಣೆ. ಆದರೂ ಪ್ರಶ್ನೆಯನ್ನು ಎತ್ತಿದವರು ಇಬ್ಬರಿದ್ದರು. ಆಗ ಧಾರವಾಡ, ವಿಜಾಪುರ, ಬೆಳಗಾವಿಗಳಿಗೂ ಬೊಂಬಾಯಿಯೇ ರಾಜಧಾನಿ. ಅಲ್ಲಿನ ಪರೇಲ್ ಪ್ರಯೋಗಾಲಯದ ನಿರ್ದೇಶಕ, ಪ್ಲೇಗಿಗೂ ಇಲಿಯ ಚಿಗಟಕ್ಕೂ ಇರುವ ನಂಟನ್ನು ಶೋಧಿಸಿ ಹೆಸರಾದ ಗ್ಲೆನ್ ಲಿಸ್ಟನ್ ಮತ್ತು ಆತನ ಸಹೋದ್ಯೋಗಿ ಎಂ. ಬಿ. ಸೋಪಾರ್ಕರ್, ಈ ದೇಶದ ಕರೆಯುವ ದನಗಳಿಗೆ ಕ್ಷಯ ಎಷ್ಟರಮಟ್ಟಿಗೆ ತಗುಲುತ್ತದೆಂಬುದನ್ನು ಪ್ರಯೋಗದಿಂದ ನೋಡಿ 1917ರಲ್ಲಿ ಪ್ರಕಟಿಸಿದರು. ನಮ್ಮ ಹಿಣಿಲಿನ ದನಕ್ಕೆ ಯುರೋಪಿನ ದನಕ್ಕಿಂತ ಹೆಚ್ಚಿನ ನಿರೋಧಶಕ್ತಿಯುಂಟೆಂಬುದು ಅವರು ಮುಟ್ಟಿದ ತೀರ್ಮಾನ. ಅದೇ ವರ್ಷ ಸೋಪಾರ್ಕರ್ ಶರೀರದ ಹೊರಗೆ ಕ್ಷಯಾಣು ಎಷ್ಟು ಕಾಲ ಜೀವ ಹಿಡಿದಿರಬಲ್ಲುದೆಂಬುದನ್ನೂ ಪರೀಕ್ಷಿಸಿದರು: ನೇರ ಬಿಸಿಲಿನಲ್ಲಿ ಬೇಗ ಸಾಯುತ್ತದೆ, ಕತ್ತಲೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನನಗೆ ಈ ಎರಡನೆಯ ಬರಹವೇ ದೂರದೃಷ್ಟಿಯದಾಗಿ ತೋರುತ್ತದೆ. ರೋಗದ ಚರಿತ್ರೆಯೊಳಕ್ಕೆ ನೆಲ, ಬೆಳಕು, ನೆರಳುಗಳನ್ನು ತಂದದ್ದು ಅದು.

ನಿರೋಧಶಕ್ತಿಯ ವಾದ ಮಾತ್ರ ದೀರ್ಘಕಾಲ ಎಳೆದಾಡಿತು. ತಳಿಯ ಗುಣವೇ ಕಾರಣವೆಂದವರು ಕೆಲವರು. ಇನ್ನು ಕೆಲವರು, ಬಯಲಿನಲ್ಲಿ ಮೇದು, ಬಿಸಿಲಿನಲ್ಲಿ ನಿಂತು, ಒಂದೊಂದು ಮನೆಯಲ್ಲಿ ಎರಡು ಮೂರರಂತೆ ಚದುರಿರುವ ದನಕ್ಕೆ ರೋಗ ಹರಡುವ ಅವಕಾಶವೇ ಕಡಿಮೆಯೆಂದೂ, ಅದೇ ದನವನ್ನು ಪಟ್ಟಣದ ಕತ್ತಲೆಯ ಕೊಟ್ಟಿಗೆಯಲ್ಲಿ ಒತ್ತಾಗಿ ಕಟ್ಟಿದರೆ ಗುಣ ಬಯಲಾಗುವುದೆಂದೂ ವಾದಿಸಿದರು. ಮುಂದೆ ವಿಲಾಯಿತಿ ಹೋರಿಗಳಿಂದ ಮಿಶ್ರತಳಿ ಹಬ್ಬಿದಂತೆ ಎರಡು ವಾದಗಳಲ್ಲಿಯೂ ಸತ್ಯಾಂಶವುಂಟೆಂದು ಕಂಡುಬಂದಿತು.

ಆದರೆ ಈ ದೇಶದಲ್ಲಿ ದನದ ಕ್ಷಯವನ್ನು ಮನುಷ್ಯನ ಹೊಟ್ಟೆಗೆ ಇಳಿಯಗೊಡದೆ ತಡೆದ ಮುಖ್ಯ ಶಕ್ತಿ ಪ್ರಯೋಗಾಲಯದ್ದಲ್ಲ, ಅಡಿಗೆಮನೆಯದು. ಕೊಪ್ಪಳ ಸೀಮೆಯ ಹಳೆಯ ಮನೆಯೊಂದನ್ನು ನೆನೆಯೋಣ. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನದ ಹಕ್ಕೆ, ಅದರ ಮಗ್ಗುಲಿಗೆ ಗೋದಲಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅಲ್ಲಿ ಮನೆಮಂದಿಯ ಹಾಸಿಗೆ. ರಾತ್ರಿಯ ಹೊತ್ತು ದನದ ಉಸಿರೂ ಮನುಷ್ಯನ ಉಸಿರೂ ಒಂದೇ ಮಾಳಿಗೆಯ ಕೆಳಗೆ. ಬೆಳಗಿನಲ್ಲಿ ಕರೆದ ಹಾಲು ಒಲೆಯ ಮೇಲೇರಿ ಒಮ್ಮೆ ಉಕ್ಕಿ, ಆಮೇಲೆ ಕುಳ್ಳಿನ ಕೆಂಡದ ಮೇಲೆ ಗಡಿಗೆಯಲ್ಲಿ ಮಧ್ಯಾಹ್ನದವರೆಗೆ ಸಣ್ಣಗೆ ಕಾಯುತ್ತ, ಕೆಂಪಡರಿ, ಬೆರಳಗಲ ಕೆನೆಗಟ್ಟುವುದು. "ಹಸೀ ಹಾಲು ಬಾಯಿಗೆ ಹಚ್ಚಬ್ಯಾಡ ತಮ್ಮಾ, ಹೊಟ್ಟಿ ಕೆಡತೈತಿ" ಎಂದು ಗದರಿಸುತ್ತಿದ್ದ ನಮ್ಮ ಅಜ್ಜಿಗೆ ಕಾಖ್ ಲಿಸ್ಟರರ ವಾದ ತಿಳಿದಿರಲಿಲ್ಲ. ಆದರೆ 72 ಡಿಗ್ರಿಯನ್ನು ಮೀರಿ ಆಕೆಯ ಗಡಿಗೆ ನಿತ್ಯವೂ ಕಾಯುತ್ತಿದ್ದಿತು. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳೆಲ್ಲ ಆ ಕಾದ ಹಾಲಿನ ಸಂತತಿಯೇ. ಅಪವಾದಗಳಿದ್ದುವು: ಕೆಚ್ಚಲ ಬಳಿಯೇ ಕುಳಿತು ನೊರೆಹಾಲು ಕುಡಿಯುವ ಗರಡಿಯ ಪೈಲವಾನರು, ಅಡವಿಯಲ್ಲಿ ಕುರಿಯ ಹಾಲನ್ನು ಹಿಂಡಿದಂತೆಯೇ ಕುಡಿದುಬಿಡುವ ಕುರಿಗಾರ ಹುಡುಗರು. ಅಲ್ಲದೆ ಒಲೆಯ ಕಾವು ಹಾಲಿನ ದಾರಿಯನ್ನು ಮುಚ್ಚಬಲ್ಲುದೇ ಹೊರತು, ಹಕ್ಕೆಯಿಂದ ಪಡಸಾಲೆಗೆ ತೇಲುವ ಕೆಮ್ಮಿನ ದಾರಿಯನ್ನು ಮುಚ್ಚಲಾರದು.

ಒಳ್ಳೆಯ ರೂಢಿಗಳು ಕೆಲವೊಮ್ಮೆ ಕೆಟ್ಟ ಆಲಸ್ಯಕ್ಕೂ ಕಾರಣವಾಗುತ್ತವೆ. ಹಾಲನ್ನು ಕಾಯಿಸಿ ಕುಡಿಯುವ ದೇಶದಲ್ಲಿ ದನದ ಕ್ಷಯ ಮನುಷ್ಯನ ಸಮಸ್ಯೆಯಲ್ಲವೆಂದು ವೈದ್ಯರು ಕೈ ತೊಳೆದುಕೊಂಡರು. ಇಷ್ಟು ದನಗಳನ್ನು ಪರೀಕ್ಷಿಸಿ ಕೊಲ್ಲುವುದು ಧರ್ಮದಿಂದಲೂ ಅರ್ಥದಿಂದಲೂ ಆಗದ ಮಾತೆಂದು ಪಶುವೈದ್ಯರು ಸುಮ್ಮನಾದರು. ನಮ್ಮಲ್ಲಿ 1964ರ ಗೋಸಂರಕ್ಷಣೆಯ ಶಾಸನ ಬರುವುದಕ್ಕೆ ಎಷ್ಟೋ ಮೊದಲೇ ಜನರ ಮನಸ್ಸು ಆ ಶಾಸನವನ್ನು ಬರೆದಾಗಿತ್ತು. ಹೀಗೆ, ಲಂಡನ್ನಿನಲ್ಲಿ ಅಳಿಸಿಹೋದ ಕಾಖನ ಗೆರೆ ಇಲ್ಲಿ ಯಾರೂ ಎಳೆಯದೆಯೇ ಮೂಡಿ ನಿಂತಿತು. 1959ರಲ್ಲಿ ಸ್ಥಾಪಿತವಾಗಿ 1960ರ ಸೆಪ್ಟೆಂಬರ್ 16ರಂದು ಪಂಡಿತ ನೆಹರೂ ಅವರಿಂದ ಉದ್ಘಾಟಿತವಾದ ರಾಷ್ಟ್ರೀಯ ಕ್ಷಯ ಸಂಸ್ಥೆ ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಭವನದಲ್ಲಿದೆ. ಅದೇ ರಸ್ತೆಯಲ್ಲಿ ಮುಂದೆ ನಡೆದರೆ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು. ಒಂದು ರಸ್ತೆ, ಒಂದು ಕುಲದ ಅಣು. ಮನುಷ್ಯನದು ಒಂದು ಬಾಗಿಲಿಗೆ, ದನದ್ದು ಇನ್ನೊಂದು ಬಾಗಿಲಿಗೆ.

ಈ ವಿಭಜನೆಯಲ್ಲಿರುವ ವಿನೋದವೆಂದರೆ, ಮನುಷ್ಯನ ಕ್ಷಯಕ್ಕೆಂದು ನಮ್ಮ ಮಕ್ಕಳ ತೋಳಿಗೆ ಚುಚ್ಚುತ್ತ ಬಂದಿರುವ ಬಿ.ಸಿ.ಜಿ. ಲಸಿಕೆಯೇ ದನದ ಕ್ಷಯಾಣುವಿನದು. ಲಂಡನ್ನಿನಲ್ಲಿ ಕಾಖನಿಗೆ ಎದುರಾಡಿದ ಆ ನೊಕಾರನೇ ಕ್ಷಯ ತಗುಲಿದ ಹಸುವೊಂದರ ಕೆಚ್ಚಲಿನಿಂದ ತೆಗೆದಿದ್ದ ಅಣುವನ್ನು, ಕಾಲ್ಮೆಟ್ ಮತ್ತು ಪಶುವೈದ್ಯ ಗೆರಾನ್ ಎಂಬ ಇಬ್ಬರು ಲೀಲ್ ಪಟ್ಟಣದಲ್ಲಿ 1908ರಿಂದ ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿ, ಮೂರು ವಾರಕ್ಕೊಮ್ಮೆ ಹೊಸ ಹೋಳಿಗೆ ದಾಟಿಸುತ್ತ, ಮಹಾಯುದ್ಧದ ಕಾಲದಲ್ಲಿ ಪಟ್ಟಣ ಜರ್ಮನರ ವಶದಲ್ಲಿದ್ದಾಗಲೂ ಬಿಡದೆ, 13 ವರ್ಷಗಳಲ್ಲಿ 230 ಸಲ ದಾಟಿಸಿ ಅದರ ಹಲ್ಲು ಕಿತ್ತರು. 1921ರಲ್ಲಿ ಅದು ಮೊದಲ ಶಿಶುವಿನ ಬಾಯಿಗೆ ಬಿದ್ದಿತು. ಭಾರತದಲ್ಲಿ 1948ರಲ್ಲಿ ಮದ್ರಾಸಿನ ಗಿಂಡಿಯಲ್ಲಿ ಇದರ ತಯಾರಿಕೆ ಮೊದಲಾಗಿ, ಮುಂದಿನ ವರ್ಷಗಳಲ್ಲಿ ಸಾಮೂಹಿಕ ಚುಚ್ಚುಮದ್ದಿನ ಚಳವಳಿ ಊರೂರಿಗೆ ಹಬ್ಬಿತು. ವಿರೋಧವೂ ಹುಟ್ಟಿತು, 1955ರಲ್ಲಿ ರಾಜಾಜಿಯವರು ಈ ಲಸಿಕೆಯನ್ನು ತಾವೇಕೆ ವಿರೋಧಿಸುವುದೆಂದು ಒಂದು ಪುಸ್ತಿಕೆಯನ್ನೇ ಹೊರತಂದರು. ಅಂದು ಅದನ್ನು ಮುದುಕರ ಹಠವೆಂದು ತಳ್ಳಿಹಾಕಿದವರೇ ಬಹಳ. ಅವರ ವಾದಗಳೆಲ್ಲ ಸರಿಯಿದ್ದುವೆಂದು ನಾನು ಹೇಳಲಾರೆ. ಆದರೆ ಈ ನೆಲದಲ್ಲಿ ಪರೀಕ್ಷಿಸದೆ ಈ ನೆಲದ ಮಕ್ಕಳಿಗೆಲ್ಲ ಚುಚ್ಚಬಹುದೇ ಎಂಬ ಪ್ರಶ್ನೆ ಹಠವಾಗಿರಲಿಲ್ಲವೆಂಬುದು ಕಾಲು ಶತಮಾನದಲ್ಲಿ ಹೊರಬಿದ್ದಿತು.

ಇಲ್ಲಿಂದ ಕಥೆಯೊಳಕ್ಕೆ ಮೂರನೆಯವನ ಪ್ರವೇಶ. ಅವನು ಮಣ್ಣಿನ ವಾಸಿ. ಅವನ ಸುಳಿವು 1911ರಷ್ಟು ಹಿಂದೆಯೇ ಸಿಕ್ಕಿದ್ದಿತು: ಜೋನ್ಸ್ ರೋಗದ ಅಣುವನ್ನು ಯಾರೆಷ್ಟು ಯತ್ನಿಸಿದರೂ ಪ್ರಯೋಗಾಲಯದ ನಳಿಗೆಯಲ್ಲಿ ಬೆಳೆಸಲಾಗದಿದ್ದಾಗ, ಇಂಗ್ಲೆಂಡಿನ ಫ್ರೆಡರಿಕ್ ಟ್ವೊರ್ಟ್, ಹುಲ್ಲಿನ ಮೇಲೆ ವಾಸಿಸುವ ನಿರಪಾಯಕಾರಿಯಾದ ದಾಯಾದಿ ಅಣುವನ್ನು ಕೊಂದು ಆಹಾರದಲ್ಲಿ ಬೆರೆಸಿಕೊಟ್ಟನು, ಅಷ್ಟರಿಂದಲೇ ಅದು ಚಿಗುರಿತು. ಹುಲ್ಲಿನ ಅಣುವಿಗೂ ಕರುಳಿನ ಅಣುವಿಗೂ ಇಷ್ಟು ಹತ್ತಿರದ ಸಂಬಂಧವಿದ್ದರೆ, ಮಣ್ಣಿನಲ್ಲಿ ಆಡಿ ಬೆಳೆದ ಶರೀರಕ್ಕೆ ಒಬ್ಬನ ಪರಿಚಯದಿಂದ ಇನ್ನೊಬ್ಬನ ಗುರುತೂ ಸಿಕ್ಕೀತೆಂದು ಊಹಿಸುವುದು ಕಷ್ಟವಲ್ಲ. 1960-61ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಮುಂದೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ, ಮೂರು ದಿನಗಳ ತರುವಾಯ ಬಾವನ್ನು ಬೆರಳಿನಿಂದ ತಡವಿ ಮಿಲಿಮೀಟರಿನಲ್ಲಿ ಅಳೆಯುವಾಗ, ಶೀತದೇಶದ ಗ್ರಂಥಗಳು ಹೇಳುವಂತೆ ಸೋಂಕಿದವರ ಗುಡ್ಡ ಒಂದು, ಸೋಂಕದವರ ಗುಡ್ಡ ಇನ್ನೊಂದು, ನಡುವೆ ನಿಚ್ಚಳವಾದ ಕಣಿವೆ ಎಂಬಂತಹ ನಕ್ಷೆ ದಕ್ಷಿಣಭಾರತದಲ್ಲಿ ಸುಲಭವಾಗಿ ಮೂಡಲಿಲ್ಲ. ನಡುವಿನ ಕಣಿವೆಯನ್ನು ಸಣ್ಣಪುಟ್ಟ ಬಾವುಗಳು ತುಂಬಿಬಿಟ್ಟಿದ್ದುವು. ಕ್ಷಯಾಣುವನ್ನು ಕಾಣದವರ ತೋಳುಗಳೂ ಅದರ ಯಾರೋ ಬಂಧುವನ್ನು ಬಲ್ಲೆವೆಂದು ಪಿಸುಗುಟ್ಟುತ್ತಿದ್ದುವು.

ಆ ಪಿಸುಮಾತು ಗಟ್ಟಿಯಾಗಿ ಕೇಳಿಸಿದುದು ಚೆಂಗಲ್ಪಟ್ಟಿನಲ್ಲಿ. 1968ರಿಂದ ಮೂರು ವರ್ಷ, ಮದ್ರಾಸಿನ ನೆರೆಯ ಆ ಜಿಲ್ಲೆಯಲ್ಲಿ ಸುಮಾರು 3 ಲಕ್ಷ 60 ಸಾವಿರ ಜನರನ್ನು ಮನೆಮನೆಗೆ ಹೋಗಿ ಬರೆದುಕೊಂಡು, ಡೆನ್ಮಾರ್ಕಿನ ತಳಿಯೊಂದು ಫ್ರಾನ್ಸಿನ ತಳಿಯೊಂದು ಹೀಗೆ ಎರಡು ಬಗೆಯ ಬಿ.ಸಿ.ಜಿ.ಯನ್ನೂ, ಹೋಲಿಕೆಗಾಗಿ ಬರಿಯ ಹುಸಿ ಚುಚ್ಚನ್ನೂ, ಯಾರಿಗೆ ಯಾವುದೆಂದು ಚುಚ್ಚುವವನಿಗೂ ತಿಳಿಯದಂತೆ ಕೊಡಲಾಯಿತು. ಜಗತ್ತಿನಲ್ಲಿ ಈ ಲಸಿಕೆಯ ಬಗ್ಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನಡೆದುದಿಲ್ಲ. ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಇದೇ ಲಸಿಕೆ ನೂರಕ್ಕೆ ಎಪ್ಪತ್ತೈದಕ್ಕೂ ಮಿಕ್ಕ ರಕ್ಷಣೆ ಕೊಟ್ಟಿದ್ದಿತು. ಏಳೂವರೆ ವರ್ಷಗಳ ಎಣಿಕೆ ಮುಗಿದು 1979ರಲ್ಲಿ ಮೊದಲ ವರದಿ ಹೊರಬಂದಾಗ ಚೆಂಗಲ್ಪಟ್ಟಿನ ಉತ್ತರ ಒಂದೇ ಮಾತಿನದು: ದೊಡ್ಡವರ ಪುಪ್ಪುಸದ ಕ್ಷಯದಿಂದ ರಕ್ಷಣೆ ಶೂನ್ಯ.

ಏಕೆ ಹೀಗಾಯಿತೆಂಬುದರಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಲಸಿಕೆಯ ತಳಿಯೇ ಹಳಸಿತ್ತೆಂದು ಕೆಲವರು; ದಕ್ಷಿಣಭಾರತದ ಕ್ಷಯಾಣುವಿನಲ್ಲಿ ಗಿನಿಯಿಲಿಯನ್ನು ಮಂದವಾಗಿ ಪೀಡಿಸುವ ವಿಲಕ್ಷಣ ಬಗೆಯಿದೆ, ಅದು ಲೆಕ್ಕ ಕೆಡಿಸಿತೆಂದು ಕೆಲವರು. ಹೆಚ್ಚು ಬೆಂಬಲ ಪಡೆದ ವಾದ ಮಣ್ಣಿನವನನ್ನು ಹೊಣೆಗಾರನನ್ನಾಗಿಸುತ್ತದೆ. ಚೆಂಗಲ್ಪಟ್ಟಿನ ಜನಕ್ಕೆ ಇನ್ನೊಂದು ಸೂಜಿಯನ್ನೂ ಹಾಕಲಾಗಿತ್ತು, ನೀರು ಮಣ್ಣುಗಳ ಅಣುವಿನಿಂದ ತಯಾರಾದ ಟ್ಯುಬರ್ಕ್ಯುಲಿನ್ನಿನದು. ಬಾಲ್ಯ ಕಳೆಯುವಷ್ಟರಲ್ಲಿ ಬಹುಪಾಲು ಮಂದಿ ಅದಕ್ಕೆ ಬಾತಿದ್ದರು. ಪಾಮರ್ ಮತ್ತು ಲಾಂಗ್ ಎಂಬ ಅಮೆರಿಕದ ಸಂಶೋಧಕರು 1966ರಲ್ಲಿಯೇ ಗಿನಿಯಿಲಿಗಳಲ್ಲಿ ತೋರಿಸಿದ್ದರು: ಪರಿಸರದ ಈ ಅಣುಗಳು ತಾವೇ ಶರೀರಕ್ಕೆ ಒಂದಷ್ಟು ಕಾವಲು ಕಟ್ಟಿಕೊಡುತ್ತವೆ, ಆಮೇಲೆ ಬಂದ ಲಸಿಕೆಗೆ ಕಟ್ಟಲು ಮಿಕ್ಕುವುದು ಅತ್ಯಲ್ಪ. ಮುಂದೆ ಮದ್ರಾಸಿನ ಸಂಶೋಧಕರು ಅದೇ ಪರೀಕ್ಷಾಕ್ಷೇತ್ರದ ಮಣ್ಣು, ನೀರು, ಮನೆಯ ಧೂಳುಗಳನ್ನೂ ಜನರ ಕಫವನ್ನೂ ತಂದು ಬೆಳೆಸಿ, ಈ ಅಣುಗಳನ್ನು ಹೆಸರು ಹಿಡಿದು ಗುರುತಿಸಿ 1994ರಲ್ಲಿ ಪ್ರಕಟಿಸಿದರು. ಹಸುಗೂಸುಗಳನ್ನು ಮೆದುಳಿನ ಕ್ಷಯದಿಂದ ಕಾಯುತ್ತದೆಂಬ ಕಾರಣಕ್ಕೆ ಬಿ.ಸಿ.ಜಿ. ಉಳಿಯಿತು, ಹುಟ್ಟಿದೊಡನೆ, ಮಣ್ಣು ಮುಟ್ಟುವ ಮುನ್ನ, ಅದನ್ನು ಹಾಕುವುದು ರೂಢಿಯಾಯಿತು.

ದನಗಳಲ್ಲಿಯೂ ಇದೇ ತೊಡಕು. ಹಸುವಿನ ಕುತ್ತಿಗೆಯ ಒಂದು ಮಗ್ಗುಲಲ್ಲಿ ಎರಡು ಕಡೆ ಕೂದಲು ಬೋಳಿಸಿ, ಚರ್ಮವನ್ನು ಮಡಿಸಿ ಅಳತೆಯ ಇಕ್ಕಳದಿಂದ ದಪ್ಪವನ್ನು ಹಿಡಿದು ಬರೆದುಕೊಂಡು, ಒಂದೆಡೆ ದನದ ಅಣುವಿನ ಟ್ಯುಬರ್ಕ್ಯುಲಿನ್, ಇನ್ನೊಂದೆಡೆ ಅದೇ ಕುಲದ ಹಕ್ಕಿಯ ಅಣುವಿನದು, ತಲಾ ಹತ್ತರಲ್ಲೊಂದು ಮಿಲಿಲೀಟರ್ ಚುಚ್ಚುತ್ತಾರೆ. 72 ಗಂಟೆ ಕಳೆದು ಮತ್ತೆ ಅಳೆಯಬೇಕು. ದನದ ಬಾವು ಹಕ್ಕಿಯ ಬಾವನ್ನು 4 ಮಿಲಿಮೀಟರಿಗಿಂತ ಹೆಚ್ಚು ಮೀರಿದರೆ ಕ್ಷಯ. ಹಕ್ಕಿಯದೇ ಮೇಲಾದರೆ ದೋಷ ಕೆಸರಿನ ಬಂಧುವಿನದು, ಅಥವಾ ಜೋನ್ಸ್ ಅಣುವಿನದು. ಆ ಜೋನ್ಸ್ ಅಣುವೋ, ಸೆಗಣಿಯೊಡನೆ ಹೊರಬಿದ್ದು ನೆರಳಿನ ಮಣ್ಣಿನಲ್ಲಿ ವರ್ಷವೊಂದನ್ನು ದಾಟಿಸಬಲ್ಲದು. ತಿಪ್ಪೆಯಿಂದ ಹೊಲಕ್ಕೆ, ಹೊಲದ ಹುಲ್ಲಿನಿಂದ ಮತ್ತೆ ಕರುವಿನ ಬಾಯಿಗೆ ಅದರ ಯಾತ್ರೆ.

ಎರಡು ಇಲಾಖೆಗಳ ನಡುವಿನ ಗೆರೆ ಇತ್ತೀಚೆಗೆ ಮತ್ತೆ ಮಾಸತೊಡಗಿದೆ. ದೇಶದಲ್ಲಿ ಅದುವರೆಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಮಾಡಿದ ಲೆಕ್ಕ, ನೂರರಲ್ಲಿ 7.3ರಷ್ಟು ದನ ಎಮ್ಮೆಗಳಲ್ಲಿ ಸೋಂಕಿದೆಯೆಂದೂ, ಅಂದರೆ ಸುಮಾರು 2 ಕೋಟಿ 18 ಲಕ್ಷ ರಾಸುಗಳೆಂದೂ ಅಂದಾಜು ಮಾಡಿತು. 2020ರಲ್ಲಿ ವೆಲ್ಲೂರಿನ ಆಸ್ಪತ್ರೆಯೊಂದರ ರೋಗಿಗಳಿಂದ ಬಂದ 940 ಮಾದರಿಗಳನ್ನು ಶೋಧಿಸಿದವರಿಗೆ ಗ್ರಂಥೋಕ್ತವಾದ ದನದ ಕ್ಷಯಾಣು ಒಂದೂ ಸಿಗಲಿಲ್ಲ. ಸಿಕ್ಕಿದುದು, ಓರಿಕ್ಸ್ ಎಂಬ ಜಿಂಕೆಯ ಹೆಸರು ಹೊತ್ತ, ಮದ್ರಾಸಿನ ಹಸುವಿನಲ್ಲಿಯೂ ಕಂಡಿದ್ದ ಇನ್ನೊಂದು ಬಗೆ, ಏಳು ಮಂದಿಯಲ್ಲಿ. ನೂರು ವರ್ಷ ನಾವು ಯುರೋಪಿನ ಅಪರಾಧಿಯ ಹುಲಿಯಾ ಹಿಡಿದು ನಮ್ಮ ಊರಿನ ಅಪರಾಧಿಯನ್ನು ಹುಡುಕುತ್ತಿದ್ದೆವೋ ಏನೋ.

ಕೊಟ್ಟಿಗೆಯಲ್ಲಿ ಮಾತ್ರ ಮೂರನೆಯ ದಿನದ ಅಳತೆ ಮುಗಿದ ಮೇಲೆ ನಡೆಯುವುದು ಹಳೆಯ ರೀತಿಯಲ್ಲಿಯೇ. ಕುತ್ತಿಗೆ ಬಾತ ಹಸುವನ್ನು ಕೊಲ್ಲುವಂತಿಲ್ಲ, ಬೇರೆ ಕಟ್ಟಲು ಜಾಗವಿಲ್ಲ, ನಷ್ಟ ತುಂಬಿಕೊಡುವ ರಾಷ್ಟ್ರೀಯ ಯೋಜನೆಯಿಲ್ಲ. ಬೋಳಿಸಿದ ಎರಡು ಗುರುತುಗಳ ಮೇಲೆ ಕೂದಲು ಬರುವವರೆಗೆ ಕಾದ ಯಜಮಾನನು ಅದನ್ನು ಸಂತೆಯ ದಿನ ನಸುಕಿನಲ್ಲಿ ಹೊಡೆದುಕೊಂಡು ಹೊರಡುತ್ತಾನೆ. ಮೈ ತೊಳೆದು ಕೋಡಿಗೆ ಎಣ್ಣೆ ಸವರಿದ ಹಸುವಿಗೆ ಒಳ್ಳೆಯ ಬೆಲೆಯೇ ಬರುತ್ತದೆ. ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿದು, ಬೇರೊಂದು ತಾಲೂಕಿನ ಹಕ್ಕೆಯಲ್ಲಿ ಅಂದಿನ ಸಂಜೆ ಅದು ಹಾಲು ಕೊಡುತ್ತದೆ. ಹೊಸ ಮನೆಯವರು ಆ ಹಾಲನ್ನು ಉಕ್ಕುವವರೆಗೆ ಕಾಯಿಸಿ, ರಾತ್ರಿ ಎರಡು ಮೆಟ್ಟಿಲ ಮೇಲಿನ ಪಡಸಾಲೆಯಲ್ಲಿ, ಅದರ ಕೆಮ್ಮು ಕೇಳಿಸುವಷ್ಟು ಹತ್ತಿರದಲ್ಲಿ ಮಲಗುತ್ತಾರೆ.